ಹತ್ತೊಂಬತ್ತನೇ ಕೋಣೆ

ನಮ್ಮೂರಿಗೆ ರೈಲು ಬರಬೇಕಾದರೆ ಮೊದಲು ಹಳಿಮನೆಯಲ್ಲಿ ಸಣ್ಣ ರೈಲು ಹೊರಡಬೇಕು. ಹಿಂದಿನಿಂದಲೂ ಹಾಗೆಯೇ. ಸಣ್ಣದು ಸಣ್ಣ ಸೇತುವೆ ದಾಟಿದರೆ ದೊಡ್ಡದು ದೊಡ್ಡ ಸೇತುವೆ ದಾಟುತ್ತದೆ. ಸಣ್ಣದು ಮೊಳದುದ್ದದ ಸ್ಟೇಷನ್ನಿನಲ್ಲಿ ನಿಂತರೆ, ದೊಡ್ಡದು ನಾನು ಹಸಿರು ಬಾವುಟ ಹಿಡಿದು ನಿಂತಿರುವ ಸ್ಟೇಷನ್ನಿಗೆ ಬಂದು ಉಸ್ಸೆಂದು ನಿಲ್ಲುತ್ತದೆ. ಯಾಕೆ ಹೀಗೆ ಎಂದು ಕೇಳಿದವರು ನಮ್ಮಲ್ಲಿ ಕಡಿಮೆ. ಬೆಳಗಾದರೆ ಸೂರ್ಯ ಮೂಡುತ್ತಾನೆ. ಕೈಮುಗಿದು ನೀರು ಕಾಯಿಸಲು ಹೋಗುತ್ತೇವೆಯೇ ಹೊರತು ಅವನನ್ನು ಯಾರು ವಿಚಾರಿಸುತ್ತಾರೆ? ಹಳಿಮನೆಯದೂ ಅಷ್ಟೆ.

ಹಳಿಮನೆ ಎಂದರೆ ಊರ ನಡುವಿನ ಉದ್ದನೆಯ ಮಣ್ಣಿನ ಮಾಳಿಗೆಮನೆ. ಒಳಗೆ ಸೊಂಟದೆತ್ತರದ ಕಟ್ಟೆ. ಕಟ್ಟೆಯ ಮೇಲೆ ನಮ್ಮ ಸೀಮೆಯೆಲ್ಲ ಇದೆ: ಬಯಲು, ಕರಿಗುಡ್ಡ, ಹಳ್ಳ, ಅಲ್ಲೊಂದು ಇಲ್ಲೊಂದು ಜಾಲಿಗಿಡ, ಎಲ್ಲದರ ನಡುವೆ ಎರಡು ಬೆರಳಗಲದ ಹಳಿ. ಹಳಿಯಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ, ಆ ಕರೆಂಟಿನೊಳಗೇ ಅಪ್ಪಣೆಯೂ ಹರಿಯುತ್ತದೆ. ಅದಕ್ಕೆ ಡಿಜಿಟಲ್ ಎನ್ನುತ್ತಾರೆ. ಕೈಪೆಟ್ಟಿಗೆಯಲ್ಲಿ ಒಂದು ಅಂಕಿ ಒತ್ತಿದರೆ, ಆ ಅಂಕಿ ಯಾವ ಎಂಜಿನ್ನಿನದೋ ಅದೊಂದೇ ತನ್ನನ್ನು ಕರೆದರೆಂದು ತಿಳಿದು ಏಳುತ್ತದೆ. ಉಳಿದವು ಅದೇ ಹಳಿಯ ಮೇಲೆ ಅದೇ ಕರೆಂಟು ಕುಡಿದುಕೊಂಡು ಸುಮ್ಮನಿರುತ್ತವೆ. ದೇವರು ನಮ್ಮನ್ನೆಲ್ಲ ಒಂದೇ ನೆಲದ ಮೇಲೆ ಇಟ್ಟು ಒಬ್ಬೊಬ್ಬರನ್ನೇ ಕರೆಯುವುದೂ ಹೀಗೇ ಇರಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಹಳಿಮನೆಯನ್ನು ನೋಡಿಕೊಳ್ಳುತ್ತಿದ್ದವರ ಹೆಸರು ಎಳೆಬಿಸಿಲು. ಇದು ಒಬ್ಬರ ಹೆಸರಲ್ಲ, ಇಬ್ಬರದು. ನಮ್ಮಲ್ಲಿ ಮದುವೆಯ ದಿನ ಗಂಡಿನ ಹುಟ್ಟುಹೆಸರು, ಹೆಣ್ಣಿನ ಹುಟ್ಟುಹೆಸರು ಎರಡನ್ನೂ ಮಡಚಿಟ್ಟು ಹಿರಿಯರು ಜೋಡಿಗೆ ಒಂದೇ ಹೆಸರು ಕೊಡುತ್ತಾರೆ. ನನಗೂ ನನ್ನ ಹೆಂಡತಿ ಶರಣವ್ವನಿಗೂ ಕೊಟ್ಟದ್ದು ಕಿರುಗೆಜ್ಜೆ. ಬೀದಿಯಲ್ಲಿ ಆ ಹೆಸರು ಕೂಗಿದರೆ ಯಾರು ಹತ್ತಿರವಿದ್ದರೋ ಅವರು ಓಗೊಡುತ್ತೇವೆ. ದೂರು ಹೇಳಲು ಬಂದವರ ದನಿ ಕೇಳಿದಾಗ ಮಾತ್ರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಜೋಡಿಯಲ್ಲಿ ಒಬ್ಬರು ಹೋದರೆ, ವರ್ಷದ ಎಡೆಯಾದ ಮೇಲೆ ಉಳಿದವರು ಹಳ್ಳಕ್ಕೆ ಹೋಗಿ, ಬೊಗಸೆಯಲ್ಲಿ ನೀರು ತುಂಬಿಕೊಂಡು, ಜೋಡಿಹೆಸರನ್ನು ಒಮ್ಮೆ ಹೇಳಿ ಆ ನೀರನ್ನು ಬಿಡಬೇಕು. ಅಲ್ಲಿಂದ ಮುಂದೆ ಹುಟ್ಟುಹೆಸರು ತಿರುಗಿ ಬರುತ್ತದೆ.

ಎಳೆಬಿಸಿಲಿನಲ್ಲಿ ಗಂಡ ಕೊಟ್ರಪ್ಪ ಹೋಗಿ ವರ್ಷ ಕಳೆದು ಎರಡು ತಿಂಗಳಾಗಿತ್ತು. ಹೆಂಡತಿ ಹಳ್ಳಕ್ಕೆ ಹೋಗಿರಲಿಲ್ಲ. ಹೆಸರು ಕೊಡುವ, ಬಿಡಿಸುವ ಹಿರಿಯನಾದ ಓಬಳಜ್ಜ ಕೇಳಿದಾಗಲೆಲ್ಲ ಅವಳಿಗೆ ಒಂದೊಂದು ನೆವ. ಒಮ್ಮೆ ಮೊಣಕಾಲು ನೋವು, ಒಮ್ಮೆ ಹಳ್ಳದಲ್ಲಿ ನೀರು ಕಡಿಮೆ.

"ನೀರು ಬೊಗಸಿಯಷ್ಟು ಇದ್ರ ಸಾಕವಾ, ಈಜಾಕ ಹೇಳಿಲ್ಲ ನಿನಗ," ಎಂದಿದ್ದ ಓಬಳಜ್ಜ.

"ಬರಾ ಅಮಾಸಿಗೆ ನೋಡಾನ ಬಿಡಜ್ಜ," ಎಂದಿದ್ದಳು ಅವಳು.

ಹಳಿಮನೆಯಲ್ಲಿ ಮೊದಲು ಎರಡು ಎಂಜಿನ್ನುಗಳಿದ್ದವು. ಹಸಿರು ಬಣ್ಣದ್ದರ ಅಂಕಿ ಏಳು, ಕರಿಯದರದ್ದು ಎಂಟು. ಕರಿಗುಡ್ಡದ ಏರಿನಲ್ಲಿ ಒಂದೇ ಎಂಜಿನ್ನಿನಿಂದ ಐದು ಬೋಗಿ ಎಳೆಯಲಾಗುವುದಿಲ್ಲ ಎಂದು ಕೊಟ್ರಪ್ಪ ಎರಡನ್ನೂ ಜೋಡಿಸಿ ಓಡಿಸುತ್ತಿದ್ದ. ಅವನು ತೀರಿಕೊಂಡ ವಾರವೇ ಎಂಟರ ಮೋಟರು ಸುಟ್ಟಿತು. ಅವಳು ಅದನ್ನು ಒಗೆದ ಪಂಚೆಯಲ್ಲಿ ಸುತ್ತಿ, ಮೇಲೆ ವಿಭೂತಿ ಇಟ್ಟು, ಗೂಡಿನಲ್ಲಿ ಇರಿಸಿದಳು. ಎರಡು ಬೋಗಿ ಬಿಚ್ಚಿಟ್ಟು, ಮೂರು ಬೋಗಿಗಳನ್ನು ಏಳರಿಂದಲೇ ಎಳೆಸುತ್ತ ವರ್ಷ ದೂಡಿದಳು. ಕೈಪೆಟ್ಟಿಗೆಯಲ್ಲಿ ಕೊಟ್ರಪ್ಪ ಹೊಂದಿಸಿಕೊಟ್ಟ ಒಂದು ಕೆಂಪು ಗುಂಡಿ ಇತ್ತು. ಅದನ್ನು ಒತ್ತುವುದು, ಪೆಟ್ಟಿಗೆಯ ಚಕ್ರ ತಿರುಗಿಸುವುದು, ರೈಲು ಹೊರಡುವುದು. ಆ ಗುಂಡಿಯ ಹಿಂದೆ ಏನಿದೆಯೆಂದು ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಸಣ್ಣ ರೈಲು ಸೇತುವೆಯ ಆಚೆ, ಮೂರನೇ ಜಾಲಿಗಿಡದ ಹತ್ತಿರ ಬರುವಾಗ ಕರೆಂಟ್ ಹೋಗಿ ತಟ್ಟನೆ ಬಂತು. ಹೀಗೆ ಹೋಗಿ ಬರುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ಕೈಪೆಟ್ಟಿಗೆಯ ಹೊಟ್ಟೆಯಲ್ಲಿ ಅದರ ನೆನಪನ್ನು ಕಾಯುವ ಗುಂಡು ಬ್ಯಾಟರಿ ಯಾವಾಗಲೋ ಸತ್ತಿತ್ತು. ಪೆಟ್ಟಿಗೆ ಕಣ್ಣು ಬಿಟ್ಟಾಗ ಹುಟ್ಟಿದ ಕೂಸಿನ ಹಾಗಿತ್ತು; ಯಾವ ಗುಂಡಿಯಲ್ಲೂ ಏನೂ ಇಲ್ಲ. ಕೆಂಪು ಗುಂಡಿ ಒತ್ತಿದಳು, ಅದಕ್ಕೆ ಏನೂ ಗೊತ್ತಿಲ್ಲ. ಹೊಸ ಬ್ಯಾಟರಿ ಹಾಕಿ, ಎಂಜಿನ್ನಿನ ಪಕ್ಕೆಯಲ್ಲಿ ಬರೆದಿದ್ದ ಏಳನ್ನೇ ಒತ್ತಿದಳು. ಎಂಜಿನ್ನಿನ ಹಣೆಯ ದೀಪ ಹತ್ತಿತು. ಚಕ್ರ ತಿರುಗಿಸಿದಳು. ರೈಲು ಅಲುಗಲಿಲ್ಲ.

ನಾನು ಸ್ಟೇಷನ್ನಿನ ಮಾಳಿಗೆ ಹತ್ತಿ ನೋಡಿದೆ. ದೂರದ ಬಯಲಿನಲ್ಲಿ, ಸೇತುವೆಯ ಆಚೆ, ಮೂರನೇ ಜಾಲಿಗಿಡದ ಹತ್ತಿರ ದೊಡ್ಡ ರೈಲು ನಿಂತಿತ್ತು. ಹಗಲಲ್ಲೂ ಅದರ ಹಣೆಯ ದೀಪ ಉರಿಯುತ್ತಿತ್ತು. ಎರಡನೇ ಬೋಗಿಯ ಮೂರನೇ ಕಿಟಕಿಯಲ್ಲಿ ನನ್ನ ಶರಣವ್ವ ಇದ್ದಳು. ಕಣ್ಣಿನ ಪೊರೆ ತೆಗೆಸಿಕೊಂಡು, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಊರಿಗೆ ಬರುತ್ತಿದ್ದಳು.

ನಿಂತ ರೈಲಿಗೆ ನಡೆದು ಹೋಗಲು ಬರುವುದಿಲ್ಲ. ಬೆಳಗಿನಿಂದ ಸಂಜೆಯ ತನಕ ನಡೆದರೂ ಅದು ಅಷ್ಟೇ ದೂರದಲ್ಲಿರುತ್ತದೆ. ಸಣ್ಣದನ್ನು ಕೈಯಿಂದ ಎತ್ತಿ ಮುಂದಿಡಲೂ ಬಾರದು. ನಮ್ಮ ಮುತ್ತಜ್ಜನ ಕಾಲದಲ್ಲಿ ಯಾರೋ ಅವಸರಕ್ಕೆ ಎತ್ತಿಟ್ಟರಂತೆ. ಇಳಿದ ಜನ ತಾವು ಎಲ್ಲಿಂದ ಬಂದೆವೆಂಬುದನ್ನೇ ಮರೆತಿದ್ದರಂತೆ. ಮೂರು ಸೂರ್ಯ ಮುಳುಗುವ ತನಕ ಕಾಯಬಹುದು. ಮೂರನೆಯದೂ ಮುಳುಗಿದರೆ ರೈಲು ಬಂದ ದಾರಿಗೆ ತಿರುಗುತ್ತದೆ, ಅದರಲ್ಲಿರುವವರಿಗೆ ನಮ್ಮೂರು ಮರೆತುಹೋಗುತ್ತದೆ. ಹಾಗೆ ಹೋದವರ ಮನೆಗಳು ನಮ್ಮ ಓಣಿಯಲ್ಲಿ ಎರಡಿವೆ. ಅವರ ಹೊಸ್ತಿಲು ಸಾರಿಸುವುದನ್ನು ನಾವು ಬಿಟ್ಟಿಲ್ಲ.

ಅದಕ್ಕೇ ಓಣಿಯ ಹೆಂಗಸರು ಯಾರೂ ಹೇಳದೆಯೇ ಹಳಿಮನೆಗೆ ಬಂದರು. ಕೂಸಿಗೆ ಹಾಲು ಕುಡಿಸುವ ಒಳಲೆಯಿಂದ ಸಣ್ಣ ಬೋಗಿಯ ಕಿಟಕಿಗೊಂದು ಹನಿ ನೀರು ಬಿಟ್ಟರು, ಕಿಟಕಿಗೊಂದು ಅವಲಕ್ಕಿ ಇಟ್ಟರು. ನಾನು ಎರಡನೇ ಬೋಗಿಯ ಮೂರನೇ ಕಿಟಕಿಗೆ ಒಂದು ಕಾಳು ಮಂಡಕ್ಕಿ ಹಾಕಿದೆ. ಅದು ಜಾರಿ ಹಳಿಯ ಮೇಲೆ ಬಿತ್ತು, ಇನ್ನೊಂದು ಹಾಕಿದೆ.

ಹಳಿಮನೆಯವಳು ಎರಡು ದಿನ ಕುಳಿತಲ್ಲಿ ಕೂರಲಿಲ್ಲ. ಹತ್ತಿಬಟ್ಟೆಗೆ ಸ್ಪಿರಿಟ್ ಹಚ್ಚಿ ಹಳಿಯನ್ನು ಉದ್ದಕ್ಕೂ ಒರೆಸಿದಳು, ಬಟ್ಟೆ ಕರಿಯಾಯಿತು. ಎಂಜಿನ್ನನ್ನು ಎತ್ತದೆ, ನಿಂತಲ್ಲೇ ಕಡ್ಡಿಗೆ ಹತ್ತಿ ಸುತ್ತಿ ಗಾಲಿಗಳ ಅಂಚು ಒರೆಸಿದಳು. ಕರೆಂಟ್ ಕಟ್ಟೆಯ ಮೂಲೆಮೂಲೆಗೂ ಸರಿಯಾಗಿ ಹೋಗುತ್ತಿದೆಯೋ ಎಂದು ಹಳೆಯ ನಾಣ್ಯವೊಂದನ್ನು ಎರಡು ಹಳಿಗೂ ತಾಗುವಂತೆ ಅಡ್ಡ ಇಟ್ಟಳು. ಟಕ್ಕೆಂದು ಪೆಟ್ಟಿಗೆ ಕರೆಂಟು ಕಡಿಯಿತು. ನಾಣ್ಯ ತೆಗೆದಳು, ತಿರುಗಿ ಬಂತು. ಐದಾರು ಕಡೆ ಹಾಗೆಯೇ ಮಾಡಿದಳು. ಎಲ್ಲ ಕಡೆಯೂ ಸರಿಯಾಗಿತ್ತು. ಏಳು ಒತ್ತಿದರೆ ದೀಪ ಹತ್ತುತ್ತದೆ, ಆರಿಸು ಎಂದರೆ ಆರುತ್ತದೆ. ಅಂದರೆ ಕರೆಂಟು ಮುಟ್ಟುತ್ತಿದೆ, ಕರೆದದ್ದು ಕೇಳಿಸುತ್ತಿದೆ. ಗಾಲಿ ಮಾತ್ರ ಕಲ್ಲು.

"ಹಳಿ ಒರಿಸಿದೆ, ಗಾಲಿ ಒರಿಸಿದೆ. ಇನ್ನ ನನ್ನ ಹಣೆಬರ ಒಂದು ಒರಿಸೋದು ಉಳಿದೈತಿ, ಕಿರುಗೆಜ್ಜಣ್ಣ," ಎಂದಳು ನನಗೆ.

ಬಾಗಿಲಲ್ಲಿ ಕೂತಿದ್ದ ಓಬಳಜ್ಜ, "ಅದಕ್ಕ ಆ ಚಿಂದಿ ಸಾಲಂಗಿಲ್ಲವಾ, ಕಂಬಳಿನ ಬೇಕು," ಎಂದ. ಅವಳು ನಕ್ಕಳು. ಎರಡು ದಿನದಲ್ಲಿ ಅದೊಂದೇ ಸಲ ನಕ್ಕಿದ್ದು.

"ಮೋಟರ ಸುಟ್ಟಿರಬೇಕು, ಎಂಟರದ್ದು ಸುಟ್ಟಂಗ," ಎಂದೆ.

"ಸುಟ್ಟ ಮೋಟರು ಮೂಗಿಗೆ ಗೊತ್ತಾಕೈತಿ. ಇದರ ಹತ್ರ ಮೂಗು ಇಟ್ಟು ನೋಡೇನಿ. ಎಣ್ಣಿ ವಾಸನಿ ಐತಿ, ಸುಟ್ಟದ್ದಿಲ್ಲ."

ಎರಡು ಸೂರ್ಯ ಮುಳುಗಿದವು. ಮೂರನೆಯ ದಿನ ಮಧ್ಯಾಹ್ನ ನಾನು ಒಂದು ಚೊಂಬು ಮಜ್ಜಿಗೆ ತೆಗೆದುಕೊಂಡು ಹಳಿಮನೆಗೆ ಹೋದೆ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು. ಮಾಳಿಗೆಯ ಗವಾಕ್ಷಿಯಿಂದ ಬಿದ್ದ ಬಿಸಿಲಿನಲ್ಲಿ ದೂಳು ನಿಧಾನವಾಗಿ ತಿರುಗುತ್ತಿತ್ತು, ಕಟ್ಟೆಯ ಮೇಲಿನ ಬಯಲಿನಲ್ಲಿ ಸಣ್ಣ ದೀಪ ಉರಿಯುತ್ತಿತ್ತು. ಅವಳನ್ನು ಹಾಗೆ ನೋಡಿದಾಗ ನನಗೆ ನಮ್ಮ ಪಕ್ಕದ ಮನೆಯ ಜಗಲಿಯಲ್ಲಿ ಆಣೆಕಲ್ಲು ಆಡಿ ದಣಿದು ಒರಗುತ್ತಿದ್ದ ಹುಡುಗಿ ನೆನಪಾದಳು. ಐವತ್ತು ವರ್ಷದಿಂದ ಯಾರೂ ಕರೆಯದ ಹೆಸರು ನನ್ನ ಬಾಯಿಗೆ ತಾನಾಗಿ ಬಂತು.

"ಹಂಪವ್ವಾ," ಎಂದೆ.

ಅವಳು ಕಣ್ಣು ಬಿಟ್ಟಳು. ನನ್ನನ್ನೇ ನೋಡಿದಳು. ಮಜ್ಜಿಗೆಗೆ ಕೈ ಚಾಚಲಿಲ್ಲ, ಏಳಲಿಲ್ಲ, ಓ ಎನ್ನಲಿಲ್ಲ.

ಆಗಲೇ ಬೀದಿಯಿಂದ ಓಬಳಜ್ಜ, "ಎಳೆಬಿಸಿಲವ್ವಾ, ಏನಾತವಾ?" ಎಂದು ಕೂಗಿದ. ಅವಳ ಕಾಲುಗಳು ಎದ್ದವು. ಅವಳು ಎದ್ದಳೆನ್ನುವುದಕ್ಕಿಂತ ಕಾಲುಗಳೇ ಎದ್ದವು ಎನ್ನಬೇಕು. ಬಾಗಿಲ ಕಡೆ ನಾಲ್ಕು ಹೆಜ್ಜೆ ಹೋದವಳು ನಡುವೆ ನಿಂತುಬಿಟ್ಟಳು.

"ಕಿರುಗೆಜ್ಜಣ್ಣ, ನೀ ಕರದಾಗ ನಾ ಏನು ಮಾಡಿದೆ?"

"ಕಣ್ಣು ಬಿಟ್ಟಿ."

"ಎದ್ನೇನು?"

"ಇಲ್ಲವಾ."

"ಕೇಳಿಸಿತ್ತು ನನಗ. ನನ್ನ ಕರದ್ರು ಅನ್ನೋದೂ ಗೊತ್ತಾತು. ಏಳಬೇಕಂತ ಅನಿಸಲಿಲ್ಲ." ಅವಳು ಕಟ್ಟೆಯ ಕಡೆ ತಿರುಗಿದಳು. ದೀಪ ಉರಿಸಿಕೊಂಡು ನಿಂತ ಹಸಿರು ಎಂಜಿನ್ನನ್ನು ಬಹಳ ಹೊತ್ತು ನೋಡಿದಳು. "ಇದನ್ನೂ ಯಾರೂ ಬಿಡಿಸಿಲ್ಲ," ಎಂದಳು.

ಆಮೇಲೆ ನನಗೂ ಓಬಳಜ್ಜನಿಗೂ ತಿಳಿಸಿ ಹೇಳಿದಳು. ಎಂಜಿನ್ನಿನ ಹೊಟ್ಟೆಯಲ್ಲಿ ಉಗುರಿನಷ್ಟು ಚಿಪ್ ಇದೆ. ಅದರೊಳಗೆ ಸಾಲಾಗಿ ಕೋಣೆಗಳು, ಕೋಣೆಗೊಂದು ಅಂಕಿ. ಮೊದಲನೇ ಕೋಣೆಯಲ್ಲಿ ಅದರ ಸ್ವಂತ ಅಂಕಿ. ಎಷ್ಟು ಮೆಲ್ಲಗೆ ಹೊರಡಬೇಕು, ಎಷ್ಟು ಮೆಲ್ಲಗೆ ನಿಲ್ಲಬೇಕು ಎಂಬುದಕ್ಕೆ ಬೇರೆ ಕೋಣೆಗಳು. ಎರಡು ಎಂಜಿನ್ನುಗಳನ್ನು ಜೋಡಿಸುವಾಗ ಎರಡರ ಹತ್ತೊಂಬತ್ತನೇ ಕೋಣೆಯಲ್ಲೂ ಒಂದೇ ಜೋಡಿ ಅಂಕಿ ಬರೆಯುತ್ತಾರೆ. ಅದನ್ನು ಬರೆದ ಮೇಲೆ ಎಂಜಿನ್ನು ತನ್ನ ಸ್ವಂತ ಅಂಕಿಗೆ ದೀಪ ಹಚ್ಚುತ್ತದೆಯೇ ಹೊರತು ಗಾಲಿ ತಿರುಗಿಸುವುದು ಜೋಡಿಯ ಅಂಕಿಗೆ ಮಾತ್ರ. ಕೊಟ್ರಪ್ಪ ಒಮ್ಮೆ ಎಣ್ಣೆ ಬಿಡುತ್ತ ಇದನ್ನೆಲ್ಲ ಹೇಳಿದ್ದ. ಅವಳು ಒಗ್ಗರಣೆ ಸೀಯುತ್ತದೆಂದು ಅರ್ಧ ಕೇಳಿ ಎದ್ದು ಹೋಗಿದ್ದಳಂತೆ. ಕೆಂಪು ಗುಂಡಿಯ ಹಿಂದೆ ಇದ್ದದ್ದು ಆ ಜೋಡಿ ಅಂಕಿಯೇ. ಎಂಟು ಗೂಡು ಸೇರಿ ವರ್ಷವಾದರೂ ಏಳು ಆ ಅಂಕಿಗೇ ಓಗೊಡುತ್ತಿತ್ತು, ಪಕ್ಕದಲ್ಲಿ ಇನ್ನೂ ಒಬ್ಬನಿದ್ದಾನೆಂಬಂತೆ.

"ಹಂಗಾರ ಆ ಅಂಕಿ ಯಾವುದು?" ಎಂದ ಓಬಳಜ್ಜ.

"ಅವರು ಹೇಳಿರಲಿಲ್ಲ. ಪೆಟಗಿಗೆ ಗೊತ್ತಿತ್ತು, ಅದೂ ಮರತೈತಿ."

"ಕೋಣಿ ತಗದು ನೋಡು."

"ನೋಡಬೇಕಂದ್ರ ಎಂಜಿನ್ ಎತ್ತಿ ಆ ಗೂಡಿನ ಹತ್ರ ಇರೋ ತುಂಡು ಹಳಿ ಮ್ಯಾಲ ಇಡಬೇಕಜ್ಜ. ಅಲ್ಲಿದ್ರ ಮಾತ್ರ ಅದು ತಿರುಗಿ ಉತ್ತರ ಹೇಳತೈತಿ. ಇಲ್ಲಿ ನಿಂತಲ್ಲಿ ಬರೀಬಹುದು, ಓದಾಕ ಬರಂಗಿಲ್ಲ. ಹತ್ತೊಂಬತ್ತನೇ ಕೋಣ್ಯಾಗ ಸೊನ್ನಿ ಬರದ್ರ ಜೋಡಿ ಬಿಡತೈತಿ, ಏಳು ಅಂದ್ರ ಏಳತೈತಿ. ಆದರ ಅಲ್ಲಿ ಏನಿತ್ತು ಅನ್ನೋದು ಹೋಗಿಬಿಡತೈತಿ."

ಅವಳು ಗೂಡಿನಲ್ಲಿದ್ದ ಎಂಟನ್ನು ನೋಡಿದಳು. ಅದನ್ನು ತುಂಡು ಹಳಿಯ ಮೇಲಿಟ್ಟು ಓದಬಾರದೇ ಎಂದು ನಾನು ಕೇಳಿದೆ. ಮೋಟರು ಸುಟ್ಟಾಗ ಚಿಪ್ಪೂ ಸುಟ್ಟಿತ್ತಂತೆ.

"ಒಂದರಿಂದ ನೂರಾ ಇಪ್ಪತ್ತೇಳರೊಳಗ ಯಾವುದಾರ ಇರಬಹುದು," ಎಂದು ಮಣೆ ಎಳೆದುಕೊಂಡು ಕೂತಳು. "ಕರದು ನೋಡ್ತೀನಿ. ಒಂದಕ್ಕ ಓಗೊಡಬೇಕಲ್ಲ."

ನಾನು ಗವಾಕ್ಷಿಯ ಬಿಸಿಲು ನೋಡಿದೆ, ಏನೂ ಅನ್ನಲಿಲ್ಲ. ಓಬಳಜ್ಜನೂ ಅನ್ನಲಿಲ್ಲ.

ಮೊದಲು ಅವಳು ತನಗೆ ಬೇಕಾದ ಅಂಕಿಗಳನ್ನು ಕರೆದಳು. ಮದುವೆಯ ತಾರೀಖು ಕರೆದಳು. ಅವನಿಗೆ ಮದುವೆಯಲ್ಲಿ ಇದ್ದ ವಯಸ್ಸು, ತನಗಿದ್ದ ವಯಸ್ಸು. ಅವನು ದಿನಕ್ಕೆ ಮಾಡುತ್ತಿದ್ದ ಜಪದ ನೂರೆಂಟು. ಪ್ರತಿ ಅಂಕಿಗೂ ಪೆಟ್ಟಿಗೆ ಒಂದೆರಡು ನಿಮಿಷ ಯೋಚಿಸುತ್ತದೆ. ಆಮೇಲೆ ಅವಳು ಚಕ್ರವನ್ನು ಕೂಸಿನ ತಲೆ ಸವರಿದಷ್ಟು ಮೆತ್ತಗೆ ತಿರುಗಿಸುತ್ತಾಳೆ. ಗಾಲಿ ಅಲುಗುವುದಿಲ್ಲ. ಯಾವುದಕ್ಕೂ ಅಲುಗದಿದ್ದಾಗ ಒಂದರಿಂದ ಸಾಲಾಗಿ ಶುರುಮಾಡಿದಳು. ಒಂದು. ಎರಡು. ಮೂರು. ಬಾಯಿಬಿಟ್ಟು ಗಟ್ಟಿಯಾಗಿ ಹೇಳಿ, ಒತ್ತಿ, ಕಾಯುವುದು. ಹೊರಗೆ ಸೇರಿದ ಜನ ಮಾತು ನಿಲ್ಲಿಸಿದರು. ಯಾರೋ ದೇವರ ನಾಮಾವಳಿ ಕೇಳುವಂತೆ ಕಣ್ಣು ಮುಚ್ಚಿ ಕೂತರು. ಹದಿನೇಳಕ್ಕೆ ಒಳಲೆ ಹಿಡಿದ ಹೆಂಗಸು ಬಂದು ಕಿಟಕಿಗಳಿಗೆ ಹನಿ ಬಿಟ್ಟು ಹೋದಳು. ಇಪ್ಪತ್ತೊಂಬತ್ತಕ್ಕೆ ಬಿಸಿಲು ಕಟ್ಟೆ ಬಿಟ್ಟು ಗೋಡೆ ಹತ್ತಿತು.

ನಲವತ್ತಕ್ಕೆ ಒತ್ತಿ ಕಾದಳು. ಇಲ್ಲ. ಮುಂದಿನದಕ್ಕೆ ಬೆರಳು ಇಟ್ಟಳು, ಒತ್ತಲಿಲ್ಲ.

"ಯಾಕವಾ?" ಎಂದೆ.

"ಕಿರುಗೆಜ್ಜಣ್ಣ, ಸಿಕ್ತು ಅಂತ ತಿಳಿ. ಸಿಕ್ಕ ಮ್ಯಾಲ ನಾ ಏನು ಮಾಡ್ತೀನಿ?"

ಅವಳು ಗುಂಡಿಯಿಂದ ಬೆರಳು ತೆಗೆದಳು.

"ಅದನ್ನ ಗುಂಡಿಗೆ ಹಾಕಿ ದಿನಾ ಅದನ್ನ ಕರಿತೀನಿ. ಅದಕ್ಕ ಹುಡಕಾಕತ್ತೀನಿ ನಾನು, ರೈಲು ಬರಲಿ ಅಂತಲ್ಲ. ನಿನ್ನ ಹೆಂಡ್ತಿ ಪಟ್ಟಿ ಕಟಗೊಂಡು ಬಯಲಾಗ ಕುಂತಾಳ, ನೀನು ನನಗ ಒಂದು ಮಾತು ಅನ್ನಲಿಲ್ಲ. ಅಂದಿದ್ರ ಬೇಸಿತ್ತು."

ಮಣೆಯ ಮೇಲೆ ನೆಟ್ಟಗೆ ಕೂತಳು. ಹಣೆಗೆ ವಿಭೂತಿ ಹಚ್ಚಿಕೊಂಡಳು. ಅದೇ ಬೆರಳಿನಿಂದ ಪೆಟ್ಟಿಗೆಯ ಬರೆಯುವ ಗುಂಡಿ ಒತ್ತಿದಳು. ಎಂಜಿನ್ನು ಏಳು. ಕೋಣೆ ಹತ್ತೊಂಬತ್ತು. ಪೆಟ್ಟಿಗೆ ಏನು ಬರೆಯಲಿ ಎಂದು ಕೇಳುತ್ತ ಮಿಣುಕುತ್ತಿತ್ತು. ಅವಳ ತುಟಿ ಒಮ್ಮೆ ಅಲುಗಿದ್ದು ಕಂಡೆ. ಅದು ಅಂಕಿಯಾಗಿರಲಿಲ್ಲ, ಹೆಸರಿರಬೇಕು. ಆಮೇಲೆ ಸೊನ್ನೆ ಒತ್ತಿದಳು.

"ಏಳು," ಎಂದಳು.

ಹಣೆಯ ದೀಪ ಹತ್ತಿಯೇ ಇತ್ತು. ಚಕ್ರ ತಿರುಗಿಸಿದಳು. ಎಂಜಿನ್ನು ನಿದ್ದೆಯಲ್ಲಿ ಮಗ್ಗುಲಾಗುವವರ ಹಾಗೆ ಒಮ್ಮೆ ಅಲುಗಿ ನಿಂತಿತು. ಮತ್ತೆ ಅಲುಗಿತು. ಬೋಗಿಗಳ ನಡುವಿನ ಕೊಂಡಿಗಳು ಒಂದಾದ ಮೇಲೊಂದು ಟಿಣ್ ಟಿಣ್ ಎಂದವು. ಮೂರನೇ ಜಾಲಿಗಿಡ ಹಿಂದಾಯಿತು.

ನಾನು ಬಾವುಟ ಕಂಕುಳಲ್ಲಿಟ್ಟುಕೊಂಡು ಓಡಿದೆ. ಸೂರ್ಯ ಕರಿಗುಡ್ಡದಿಂದ ಒಂದು ಗೇಣು ಮೇಲಿದ್ದ. ನಾನು ಸ್ಟೇಷನ್ ಮುಟ್ಟುವ ಹೊತ್ತಿಗೆ ಸೇತುವೆ ಗುಡುಗುಡು ಎನ್ನುವುದು ಕೇಳಿಸಿತು. ರೈಲು ಎಂದಿಗಿಂತ ಮೆಲ್ಲಗೆ, ಕಾಲಿಗೆ ಹೊಸ ಜೋಡು ಮೆಟ್ಟಿದವರ ನಡಿಗೆಯಲ್ಲಿ ಬಂದು ನಿಂತಿತು.

"ಕಿರುಗೆಜ್ಜೆ," ಎಂದು ಕೂಗಿದೆ.

ಎರಡನೇ ಬೋಗಿಯ ಬಾಗಿಲಲ್ಲಿ ಶರಣವ್ವ ಪಟ್ಟಿ ಕಟ್ಟಿದ ಮುಖವನ್ನು ನನ್ನ ಕಡೆ ತಿರುಗಿಸಿ, "ಇಲ್ಲಿದೀನಿ, ಕೈ ಕೊಡು," ಎಂದಳು. ಕೆಳಗಿಳಿದು ಗಾಳಿಯನ್ನು ಮೂಸಿ, ಊರೇ ಎಂದು ಖಾತ್ರಿ ಮಾಡಿಕೊಂಡಳು. "ಮಂಡಕ್ಕಿ ನೀನ ಹಾಕಿದ್ದೇನು? ಮೂರು ಮೊರ ಆಗಿತ್ತು, ಬೋಗಿ ಮಂದಿಯೆಲ್ಲ ತಿಂದ್ರು. ಉಪ್ಪು ಕಡಿಮಿ."

ನನಗೆ ಅಳು ಬಂತು. ಅವಳಿಗೆ ಕಾಣುವುದಿಲ್ಲವೆಂದು ಒರೆಸಿಕೊಳ್ಳಲಿಲ್ಲ.

ಮನೆಯ ದಾರಿಯಲ್ಲಿ ಅವಳು ಬಯಲಿನ ಮೂರು ದಿನದ ಸುದ್ದಿ ಹೇಳುತ್ತ ಬಂದಳು. ಒಮ್ಮೊಮ್ಮೆ ಮಾಡಿನಿಂದ ನೀರು ಸುರಿಯುತ್ತಿತ್ತಂತೆ. ಇವತ್ತು ಮಧ್ಯಾಹ್ನ ಆಕಾಶದ ಮೂಲೆಯಿಂದ ಒಂದು ಹೆಣ್ಣುದನಿ ಅಂಕಿ ಎಣಿಸುವುದು ಕೇಳಿಸಿತಂತೆ. "ನಿದ್ದಿ ಬರೋಹಂಗ ಎಣಿಸ್ತಿತ್ತು. ನಾವೂ ಬೋಗ್ಯಾಗ ಅದರ ಹಿಂದ ಎಣಿಸ್ಕೋತ ಕುಂತ್ವಿ. ನಲವತ್ತಕ್ಕ ನಿಂತುಬಿಡ್ತು. ಕಾದ್ವಿ, ಕಾದ್ವಿ, ದನಿನ ಇಲ್ಲ. ಕಡೀಗೆ ಬ್ಯಾಸತ್ತು ನಾವ ಎಲ್ಲಾರೂ ಕೂಡಿ ನಲವತ್ತೊಂದು ಅಂದ್ವಿ. ಅನ್ನೋದು ತಡ, ರೈಲು ಅಲುಗಿತು."

ನಾನು ಅವಳ ಕೈ ಹಿಡಿದುಕೊಂಡು ನಡೆದೆ.

ಮರುದಿನ ಬೆಳಿಗ್ಗೆ ಹಂಪವ್ವ ಹಳ್ಳಕ್ಕೆ ಹೋಗಿ ಬಂದಳು. ಓಬಳಜ್ಜ ಜೊತೆಗಿದ್ದ. ನೀರು ಬೊಗಸೆಯಷ್ಟು ಇತ್ತಂತೆ. ತಿರುಗಿ ಬರುವಾಗ ಅವಳು ನಮ್ಮ ಮನೆಯ ಮುಂದೆ ಹಾಯ್ದಳು. ನಾನು ಜಗಲಿಯಲ್ಲಿ ಶರಣವ್ವನ ಪಟ್ಟಿ ಬಿಚ್ಚುತ್ತಿದ್ದೆ. ಹಂಪವ್ವಾ ಎಂದು ಕರೆದೆ. ಒದ್ದೆ ಸೆರಗು ಹಿಂಡುತ್ತ ನಿಂತಳು, ಓ ಎಂದಳು, ಮೆಟ್ಟಿಲು ಹತ್ತಿ ಬಂದಳು. ಪಟ್ಟಿಯ ಕೊನೆಯ ಸುತ್ತು ಬಿಚ್ಚಿದಾಗ ಶರಣವ್ವ ಬೆಳಕಿಗೆ ಕಣ್ಣು ಕಿರಿದು ಮಾಡಿ ಅವಳನ್ನು ಮೊದಲು ಕಂಡಳು. "ಯಾರಿದು?" ಎಂದು ಕೇಳಿದಳು. ಹಂಪವ್ವ ತಾನೇ ತನ್ನ ಹೆಸರು ಹೇಳಿದಳು.

ನಲವತ್ತೊಂದರ ಮಾತನ್ನು ನಾನು ಅವಳಿಗೆ ಇವತ್ತಿಗೂ ಹೇಳಿಲ್ಲ, ಶರಣವ್ವನಿಗೂ ಹೇಳದಂತೆ ಹೇಳಿದ್ದೇನೆ. ಅದು ಜೋಡಿಯ ಅಂಕಿಯೇ ಆಗಿತ್ತೋ, ಬ್ಯಾಸತ್ತ ಜನ ಬಾಯಿಬಿಟ್ಟ ಗಳಿಗೆಯೂ ಅವಳು ಸೊನ್ನೆ ಬರೆದು ಚಕ್ರ ತಿರುಗಿಸಿದ ಗಳಿಗೆಯೂ ಒಂದಾಗಿತ್ತೋ, ಶಿವನಿಗೇ ಗೊತ್ತು. ಬೆಳಗಿನ ಹೊತ್ತು ಬಾವುಟ ಹಿಡಿದು ನಿಂತಾಗ ಕೆಲವು ದಿನ ಆ ಅಂಕಿ ನಾಲಿಗೆಯ ತುದಿಗೆ ಬರುತ್ತದೆ, ಪ್ರಸಾದದಂತೆ ನುಂಗಿಕೊಳ್ಳುತ್ತೇನೆ. ಅಷ್ಟರಲ್ಲಿ ಹಳಿಮನೆಯ ಗವಾಕ್ಷಿಯಿಂದ ಅವಳು ಏಳು ಎಂದು ಕರೆಯುವುದು ಕೇಳಿಸುತ್ತದೆ. ಬಯಲಿನ ಆಚೆ ಒಂದು ದೀಪ ಹತ್ತುತ್ತದೆ, ಹತ್ತಿದ ದೀಪ ನಮ್ಮೂರ ಕಡೆ ಬರತೊಡಗುತ್ತದೆ.